ಎಮರ್ಜೆನ್ಸಿ ಪಿ.ಜಿ. ಡಾಕ್ಟರು ಮೂರು ವರ್ಷ ಕಲಿಯುವುದೇನು?

ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ದಿನಾ ಕೇಳಿಬರುವ ಜಗಳ ಒಂದಿದೆ. "ನಾವು ಬಂದು ಒಂದ್ ತಾಸಾತ್ರಿ. ಈಗ ಬಂದಾವ್ರನ್ನ ಮೊದ್ಲ ಹೆಂಗ ಒಳಗ ಕರಕೊಂಡ್ರಿ?" ಕೇಳುವವರದ್ದು ತಪ್ಪೇನಿಲ್ಲ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಅದೇ ಆಸ್ಪತ್ರೆಯ ಓ.ಪಿ.ಡಿ.ಯಲ್ಲೂ ಮೊದಲು ಬಂದವರಿಗೇ ಮೊದಲ ಪಾಳಿ. ಎಮರ್ಜೆನ್ಸಿಯಲ್ಲಿ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಯಾರ ಜೀವ ಮೊದಲು ಹೋಗಬಹುದು ಅಂತ ನೋಡಿ ಅವರನ್ನು ಮೊದಲು ಒಳಗೆ ಕರೆಯುತ್ತಾರೆ. ಹಾಗೆ ನೋಡಿ ಹೇಳುವ ಡಾಕ್ಟರಿಗೆ ಎಷ್ಟೋ ಸಲ ಮೂವತ್ತು ವರ್ಷವೂ ಆಗಿರುವುದಿಲ್ಲ. "ಇನ್ನಾ ಹುಡುಗೂರು, ಇವ್ರಿಗೇನ್ ತಿಳಿತೈತಿ" ಅಂತ ಹೊರಗೆ ಕೂತವರು ಗೊಣಗುತ್ತಾರೆ. ಅವರೇ ಎಮರ್ಜೆನ್ಸಿ ಮೆಡಿಸಿನ್ ಓದುತ್ತಿರುವ ಪಿ.ಜಿ. ಡಾಕ್ಟರು. ಕಾಗದದ ಮೇಲೆ ಅವರ ಹೆಸರು ರೆಸಿಡೆಂಟ್. ಇವರಿಗೆ ಏನು ತಿಳಿದಿರುತ್ತದೆ, ಅದನ್ನು ಹೇಗೆ ಕಲಿಯುತ್ತಾರೆ ಅನ್ನೋದೇ ಈ ಬರಹ.

ಬೆಳಗಾವಿಯನ್ನೇ ತಗೊಳ್ಳೋಣ. 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿಗೆ ಕೆ.ಎಲ್.ಇ.ಯ ಪ್ರಭಾಕರ ಕೋರೆ ಆಸ್ಪತ್ರೆ ಇದೆ. ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್‌ಗೆ ಜಿಲ್ಲಾ ಆಸ್ಪತ್ರೆ ಇದೆ. ಇಂಥ ಊರಿನ ಆಸ್ಪತ್ರೆಗೆ ಬರೀ ಊರಿನವರು ಬರುವುದಿಲ್ಲ. ಖಾನಾಪುರದ ಕಾಡಂಚಿನ ಹಳ್ಳಿ, ಗೋಕಾಕ, ಬೈಲಹೊಂಗಲ, ಚಿಕ್ಕೋಡಿ, ಅಥಣಿ, ಗಡಿಯಾಚೆಯ ಚಂದಗಡ, ಎಲ್ಲ ಕಡೆಯಿಂದ ಗಾಡಿ ಬರುತ್ತವೆ. ಊರ ಪಕ್ಕದಲ್ಲೇ 48ನೇ ರಾಷ್ಟ್ರೀಯ ಹೆದ್ದಾರಿ. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ಲೈಟೂ ಇಲ್ಲದೆ ರಾತ್ರಿ ರಸ್ತೆಗೆ ಇಳಿದಿರುತ್ತದೆ. ಮಳೆಗಾಲ ಬಂತೆಂದರೆ ಹಾವು. ವರ್ಷಪೂರ್ತಿ ಎದೆನೋವು, ಲಕ್ವಾ, ಜ್ವರ, ಫಿಟ್ಸು. ಒಂದೇ ರಾತ್ರಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಕಿವಿಗೆ ಬೀಳುತ್ತವೆ.

ಹಿಂದೆ ಇದಕ್ಕೆಲ್ಲ ಕ್ಯಾಜುಯಲ್ಟಿ ಅಂತ ಒಂದು ಕೋಣೆ ಇರುತ್ತಿತ್ತು. ಅಲ್ಲಿ ಕೂತ ಡ್ಯೂಟಿ ಡಾಕ್ಟರು ಹೆಸರು ಬರೆದುಕೊಂಡು, ಒಂದು ಇಂಜೆಕ್ಷನ್ ಕೊಟ್ಟು, ಮೂಳೆಯದಾದರೆ ಮೂಳೆ ಡಾಕ್ಟರಿಗೆ, ಹೃದಯದ್ದಾದರೆ ಹೃದಯದವರಿಗೆ ಫೋನ್ ಮಾಡುತ್ತಿದ್ದರು. ಅವರು ಬರುವವರೆಗೆ ಪೇಷೆಂಟ್ ಗಟ್ಟಿ ಇದ್ದರೆ ಪುಣ್ಯ. ತುರ್ತು ಚಿಕಿತ್ಸೆಯೇ ಒಂದು ಬೇರೆ ವಿದ್ಯೆ ಅನ್ನೋ ಯೋಚನೆ ಬಂದದ್ದು ತಡವಾಗಿ. ಅಮೆರಿಕದ ಸಿನ್ಸಿನಾಟಿಯಲ್ಲಿ 1970ರಲ್ಲಿ ಮೊದಲ ರೆಸಿಡೆನ್ಸಿ ಶುರುವಾಯಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಎಮರ್ಜೆನ್ಸಿ ಮೆಡಿಸಿನ್ ಅನ್ನು ಪ್ರತ್ಯೇಕ ವಿಭಾಗ ಅಂತ ಒಪ್ಪಿದ್ದು 2009ರಲ್ಲಿ. ಹಾಗಾಗಿ ಈ ವಿಭಾಗದಲ್ಲಿ ಕಲಿಸುವವರಲ್ಲಿ ಅನೇಕರು ಬೇರೆ ವಿಷಯ ಓದಿ ಇಲ್ಲಿಗೆ ಬಂದವರು.

ದಾರಿ ಸರಳವಾಗಿಯೇ ಇದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂ.ಬಿ.ಬಿ.ಎಸ್., ಆಮೇಲೆ ನೀಟ್ ಪಿ.ಜಿ. ಪರೀಕ್ಷೆ, ಆಮೇಲೆ ಮೂರು ವರ್ಷ ಎಂ.ಡಿ. ಡಿ.ಎನ್.ಬಿ. ಅನ್ನೋ ಇನ್ನೊಂದು ದಾರಿಯೂ ಇದೆ. ಕಷ್ಟ ಇರುವುದು ಒಳಗೆ ಕಾಲಿಟ್ಟ ಮೇಲೆ.

ಮೊದಲು ಜೀವ, ಆಮೇಲೆ ರೋಗದ ಹೆಸರು

ಎಂ.ಬಿ.ಬಿ.ಎಸ್.ನಲ್ಲಿ ಕಲಿಸುವ ಕ್ರಮ ಹೀಗಿದೆ: ಪೇಷೆಂಟ್ ಹೇಳಿದ್ದನ್ನು ಪೂರ್ತಿ ಕೇಳು, ಮೈ ಪರೀಕ್ಷೆ ಮಾಡು, ಟೆಸ್ಟ್ ಬರೆ, ರೋಗ ಯಾವುದು ಅಂತ ಗೊತ್ತುಮಾಡು, ಆಮೇಲೆ ಔಷಧಿ ಕೊಡು. ಎಮರ್ಜೆನ್ಸಿಗೆ ಬಂದ ಮೊದಲ ವಾರವೇ ಈ ಕ್ರಮ ತಲೆಕೆಳಗಾಗುತ್ತದೆ. ಉಸಿರಿನ ದಾರಿ ತೆರೆದಿದೆಯಾ? ಉಸಿರಾಡುತ್ತಿದ್ದಾರಾ? ರಕ್ತ ಸರಿಯಾಗಿ ಓಡುತ್ತಿದೆಯಾ? ಎಚ್ಚರ ಎಷ್ಟಿದೆ? ಬಟ್ಟೆ ಸರಿಸಿ ನೋಡಿದರೆ ಮೈಮೇಲೆ ಏನು ಕಾಣುತ್ತದೆ? ಎ, ಬಿ, ಸಿ, ಡಿ, ಇ ಅಂತ ಈ ಐದನ್ನು ಇದೇ ಸಾಲಿನಲ್ಲಿ ನೋಡಬೇಕು. ಎಲ್ಲಿ ತೊಂದರೆ ಕಂಡಿತೋ ಅದನ್ನು ಅಲ್ಲೇ ಸರಿಮಾಡಿ ಮುಂದಕ್ಕೆ ಹೋಗಬೇಕು. ರೋಗದ ಹೆಸರು ಆಮೇಲೆ ಸಿಕ್ಕರೂ ನಡೆಯುತ್ತದೆ.

ಉದಾಹರಣೆಗೆ, ಹೆದ್ದಾರಿಯಲ್ಲಿ ಬೈಕ್ ಟ್ರ್ಯಾಕ್ಟರಿಗೆ ಗುದ್ದಿ ಬಂದ ಹುಡುಗ. ಉಸಿರು ಕಟ್ಟುತ್ತಿದೆ, ಎದೆಯ ಒಂದು ಭಾಗ ಏಳುತ್ತಿಲ್ಲ, ಸ್ಟೆತಸ್ಕೋಪ್ ಇಟ್ಟರೆ ಅಲ್ಲಿ ಸದ್ದೇ ಇಲ್ಲ, ಬಿ.ಪಿ. ಕುಸಿಯುತ್ತಿದೆ. ಶ್ವಾಸಕೋಶ ತೂತಾಗಿ ಗಾಳಿ ಎದೆಗೂಡಿನಲ್ಲಿ ತುಂಬಿ ಹೃದಯವನ್ನೇ ಒತ್ತುತ್ತಿದೆ. ಇಲ್ಲಿ ಎಕ್ಸ್‌ರೇಗೆ ಕಳಿಸುವವರು ಪರೀಕ್ಷೆಯಲ್ಲಿ ಫೇಲ್. ಎದೆಗೆ ದಪ್ಪ ಸೂಜಿ ಹಾಕಿ ಗಾಳಿ ಹೊರಬಿಡಬೇಕು, ಅದೂ ಆಗಿಂದಾಗಲೇ. ಎಕ್ಸ್‌ರೇ ಇಲ್ಲದೆ ಒಬ್ಬರ ಎದೆಗೆ ಸೂಜಿ ಚುಚ್ಚುವ ಧೈರ್ಯ ಪುಸ್ತಕ ಓದಿದರೆ ಬರುವುದಿಲ್ಲ, ಅಲ್ವಾ? ಅದಕ್ಕೇ ಮೂರು ವರ್ಷ.

ಬಾಗಿಲಲ್ಲಿ ನಡೆಯುವ ವಿಂಗಡಣೆಗೂ ಇದೇ ಐದು ಪ್ರಶ್ನೆಗಳೇ ಬುಡ. ಅದನ್ನು ಟ್ರಯಾಜ್ ಅಂತಾರೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ ಆದರೆ ಸ್ವಲ್ಪ ತಡೆಯಬಹುದು, ಹಸಿರು ಅಂದರೆ ಕಾಯಬಹುದು. ಕೈ ಮುರಿದು ಕೂಗುತ್ತಿರುವವನಿಗೆ ಹಳದಿ ಪಟ್ಟಿ ಸಿಗಬಹುದು. ಮೂಲೆಯಲ್ಲಿ ಸುಮ್ನೆ ಕೂತು ಬೆವರುತ್ತಿರುವ ಅಜ್ಜನಿಗೆ ಕೆಂಪು. ಕೂಗಬೇಕು ಅಂದರೂ ಎದೆಯಲ್ಲಿ ಗಾಳಿ ಬೇಕಲ್ಲ. ಜೋರಾಗಿ ಕೂಗುವವರಿಗಿಂತ ಸದ್ದಿಲ್ಲದವರ ಕಡೆ ಮೊದಲು ಕಣ್ಣು ಹಾಯಿಸುವ ಅಭ್ಯಾಸ ಹೊಸ ಪಿ.ಜಿ.ಗೆ ಬರಲು ಕೆಲವು ತಿಂಗಳಾದರೂ ಬೇಕು. ಇನ್ನೊಂದು ವಿಷಯ: ಪಟ್ಟಿ ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ. ಹಸಿರು ಪಟ್ಟಿಯವರು ಅರ್ಧ ಗಂಟೆಯಲ್ಲಿ ಕೆಂಪಾಗಬಹುದು. ಆಗಾಗ ಹೋಗಿ ಮತ್ತೆ ನೋಡುತ್ತಿರಬೇಕು. ಹಾಗಾಗಿ ಹೊರಗೆ ಕಾಯುತ್ತಿರುವಾಗ ಪೇಷೆಂಟ್‌ಗೆ ಜಾಸ್ತಿ ಆಯಿತು ಅನ್ನಿಸಿದರೆ ಎದ್ದು ಹೋಗಿ ಹೇಳಿ. ಅದು ಜಗಳ ಅಲ್ಲ, ಅವರಿಗೆ ಬೇಕಾದ ಸುದ್ದಿ.

ಎಣ್ಣಿ ಕುಡಿದವರು

"ಎಣ್ಣಿ ಕುಡದಾಳ್ರಿ ಸಾಹೇಬ್ರ" ಅಂತ ಓಡಿಬಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಬೆಳೆಗೆ ಹೊಡೆಯುವ ಔಷಧಿ ಒಳಗೆ ಹೋಗಿದೆ. ಹತ್ತಿ, ಕಬ್ಬು, ದ್ರಾಕ್ಷಿ ಬೆಳೆಯುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಮರ್ಜೆನ್ಸಿ ಕಲಿಯುವವರು ಈ ಕೇಸನ್ನು ಕಲಿಯದೆ ಇರಲು ಆಗುವುದಿಲ್ಲ. ಈ ತರಬೇತಿ ಎಂಥದ್ದು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಔಷಧಿಗಳಲ್ಲಿ ಆರ್ಗನೋಫಾಸ್ಫರಸ್ ಅನ್ನೋ ಗುಂಪು ಇದೆ. ನಮ್ಮ ನರಗಳು ಸ್ನಾಯುಗಳಿಗೆ, ಗ್ರಂಥಿಗಳಿಗೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಮೂಲಕ ಆಜ್ಞೆ ಕೊಡುತ್ತವೆ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಬಂದು ಆ ರಾಸಾಯನಿಕವನ್ನು ಒಡೆದುಹಾಕುತ್ತದೆ. ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲುವುದೇ ಇಲ್ಲ. ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ನಾಡಿ ನಿಧಾನವಾಗುತ್ತದೆ. ಮೈಯ ಸ್ನಾಯುಗಳು ಪಟಪಟ ಅದುರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು, ಶ್ವಾಸಕೋಶದ ಒಳಗೂ ನೀರು ತುಂಬುತ್ತದೆ. ಜೀವ ಹೋಗುವುದು ಹೆಚ್ಚಾಗಿ ಇದರಿಂದಲೇ.

ಪಿ.ಜಿ. ಮೊದಲು ಕೈಗೆ ಗ್ಲೌಸ್ ಹಾಕುತ್ತಾರೆ. ಪೇಷೆಂಟ್‌ನ ಬಟ್ಟೆ ತೆಗೆದು ಮೈ, ತಲೆಗೂದಲು ಸೋಪಿನಿಂದ ತೊಳೆಸುತ್ತಾರೆ, ಯಾಕಂದ್ರೆ ವಿಷ ಚರ್ಮದ ಮೂಲಕವೂ ಹೋಗುತ್ತಿರುತ್ತದೆ. ಜೊತೆಗೇ ಬಾಯಿಯ ಜೊಲ್ಲು ಎಳೆದು ಆಕ್ಸಿಜನ್ ಕೊಡುತ್ತಾರೆ. ಆಮೇಲೆ ಅಟ್ರೋಪಿನ್. ನಮ್ಮಲ್ಲಿ ಸಿಗುವ ಒಂದು ಆಂಪೂಲ್‌ನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಬೇರೆ ಕಾಯಿಲೆಗಳಿಗೆ ಒಂದೋ ಎರಡೋ ಆಂಪೂಲ್ ಸಾಕು. ಇಲ್ಲಿ ಮೂರರಿಂದ ಐದು ಆಂಪೂಲ್‌ನಿಂದ ಶುರು. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಇನ್ನೂ ನೀರಿನ ಸದ್ದು ಇದ್ದರೆ ದುಪ್ಪಟ್ಟು. ಮತ್ತೆ ಐದು ನಿಮಿಷ, ಮತ್ತೆ ದುಪ್ಪಟ್ಟು. ಐದು, ಹತ್ತು, ಇಪ್ಪತ್ತು, ನಲವತ್ತು. ಲೆಕ್ಕ ಹಾಕಿ ನೋಡಿ, ಹದಿನೈದೇ ನಿಮಿಷದಲ್ಲಿ 75 ಆಂಪೂಲ್. ಸಿಸ್ಟರ್ ಒಬ್ಬರು ಆಂಪೂಲ್ ಒಡೆಯುವುದರಲ್ಲೇ ಇರುತ್ತಾರೆ, ಇನ್ನೊಬ್ಬರು ಸಿರಿಂಜಿಗೆ ಎಳೆಯುತ್ತಿರುತ್ತಾರೆ.

ಹೊಸಬರು ಎಡವುವುದು ಇಲ್ಲೇ. ನಾಡಿ 120 ದಾಟಿತು ಅಂತ ಹೆದರಿ ನಿಲ್ಲಿಸಿಬಿಡುತ್ತಾರೆ. ಅಥವಾ ಪಾಪೆ ದೊಡ್ಡದಾಗಲಿ ಅಂತ ಕಾಯುತ್ತಾ ಕೊಡುತ್ತಲೇ ಹೋಗುತ್ತಾರೆ. ಎರಡೂ ತಪ್ಪು. ಪಾಪೆ ಬದಲಾಗುವುದು ತಡ. ಬೇಕಾದದ್ದು ಎದೆ ಒಣಗಬೇಕು, ಬಿ.ಪಿ. ನಿಲ್ಲಬೇಕು, ನಾಡಿ 80ರ ಮೇಲಿರಬೇಕು. ಕಂಕುಳಿಗೆ ಕೈ ಹಾಕಿ ನೋಡಿದರೆ ಬೆವರು ಇರಬಾರದು. ಇದು ಯಾವ ಮಶೀನೂ ಹೇಳದ ವಿಷಯ, ಕೈಗೇ ಗೊತ್ತಾಗಬೇಕು. ಅದಾದ ಮೇಲೆ ಸಣ್ಣ ಪ್ರಮಾಣದಲ್ಲಿ ಡ್ರಿಪ್ ಹಾಕಿ ಬಿಡುತ್ತಾರೆ. ಜಾಸ್ತಿಯಾದರೆ ಅದರದ್ದೇ ಅವತಾರ: ಪೇಷೆಂಟ್ ಬಡಬಡಿಸುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾರೆ, ಜ್ವರ ಏರುತ್ತದೆ, ಮೂತ್ರ ಕಟ್ಟುತ್ತದೆ. ಆಗ ಇಳಿಸಬೇಕು.

ಎದೆ ಒಣಗಿತು, ಪೇಷೆಂಟ್ ಮಾತಾಡಿದರು, ಮನೆಯವರು ಚಹಾ ಕುಡಿಯಲು ಹೋದರು. ಕೇಸ್ ಇನ್ನೂ ಮುಗಿದಿಲ್ಲ. ಒಂದರಿಂದ ನಾಲ್ಕು ದಿನದೊಳಗೆ ಕೆಲವರ ಉಸಿರಾಟದ ಸ್ನಾಯುಗಳು ಇದ್ದಕ್ಕಿದ್ದ ಹಾಗೆ ಸೋಲುತ್ತವೆ. ಅದರ ಮೊದಲ ಸುಳಿವು ಕುತ್ತಿಗೆಯಲ್ಲಿ ಸಿಗುತ್ತದೆ. ಹಾಗಾಗಿ ಪಿ.ಜಿ. ರೌಂಡ್ಸ್‌ಗೆ ಬಂದಾಗಲೆಲ್ಲ ಒಂದೇ ಮಾತು: "ಅಕ್ಕಾರ, ದಿಂಬಿನ ಮ್ಯಾಲಿಂದ ತಲಿ ಎತ್ರಿ ನೋಡೋಣ." ತಲೆ ಎತ್ತಲಾಗದಿದ್ದರೆ ವೆಂಟಿಲೇಟರ್ ಹತ್ತಿರ ತರಿಸಿಟ್ಟುಕೊಳ್ಳಬೇಕು. ಪಕ್ಕದ ಬೆಡ್‌ನವರಿಗೆ ಇದೇನು ವ್ಯಾಯಾಮ ಅನ್ನಿಸಬಹುದು.

ಓದುಗರಿಗೆ ಎರಡು ಮಾತು. ಇಂಥ ಹೊತ್ತಿನಲ್ಲಿ ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಅದೇ ದೊಡ್ಡ ಗಂಡಾಂತರ. ಡಬ್ಬಿ ಸಿಕ್ಕರೆ ಜೊತೆಗೆ ತನ್ನಿ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಅದರಲ್ಲಿ ಆಕ್ಸಿಜನ್ ಕೂಡ ಅಳೆದು ಕೊಡಬೇಕು. ಡಬ್ಬಿ ಕಂಡರೆ ಆ ಪಿ.ಜಿ.ಯ ತಲೆನೋವು ಅರ್ಧ ಕಡಿಮೆಯಾಗುತ್ತದೆ. ಬದುಕಿದವರನ್ನು ಮನೆಗೆ ಕಳಿಸುವ ಮೊದಲು ಮನೋವೈದ್ಯರ ಹತ್ತಿರ ಕೂರಿಸುವುದೂ ಚಿಕಿತ್ಸೆಯ ಭಾಗವೇ. ಮನಸ್ಸು ಆ ಕಡೆ ಜಾರುತ್ತಿದೆ ಅನ್ನಿಸಿದರೆ ಆಸ್ಪತ್ರೆವರೆಗೂ ಬರಬೇಕಿಲ್ಲ, ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗಾಜಿನ ನಳಿಗೆ, ಇ.ಸಿ.ಜಿ. ಕಾಗದ

ಎಲ್ಲದಕ್ಕೂ ದುಬಾರಿ ಯಂತ್ರ ಬೇಕು ಅಂದುಕೊಂಡವರಿಗೆ ಹಾವು ಕಡಿತದ ಟೆಸ್ಟ್ ತೋರಿಸಬೇಕು. ಸ್ವಚ್ಛವಾದ, ಒಣಗಿದ ಗಾಜಿನ ನಳಿಗೆಯಲ್ಲಿ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ಓರೆ ಮಾಡಿದರೆ ಆಯಿತು. ರಕ್ತ ಹೆಪ್ಪುಗಟ್ಟಿದ್ದರೆ ಸಮಾಧಾನ. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ರಕ್ತದಲ್ಲಿ ಕೆಲಸ ಶುರುಮಾಡಿದೆ. ಪ್ಲಾಸ್ಟಿಕ್ ನಳಿಗೆ ಆಗುವುದಿಲ್ಲ, ಸೋಪಿನಿಂದ ತೊಳೆದದ್ದೂ ಆಗುವುದಿಲ್ಲ, ಮಧ್ಯೆ ಯಾರೋ ಎತ್ತಿ ನೋಡಿದರೂ ಕೆಟ್ಟುಹೋಗುತ್ತದೆ. ಈ 20 ನಿಮಿಷ ಮನೆಯವರಿಗೆ ಯುಗವಾಗಿರುತ್ತದೆ. "ಇಂಜೆಕ್ಷನ್ ಯಾಕ ಕೊಡವಲ್ರಿ?" ಅಂತ ಮೇಲಿಂದ ಮೇಲೆ ಕೇಳುತ್ತಾರೆ. ಕಾರಣ ಇದೆ. ಪ್ರತಿವಿಷ ಕುದುರೆಯ ರಕ್ತದಿಂದ ಮಾಡಿದ್ದು, ಕೆಲವರಿಗೆ ಜೋರು ಅಲರ್ಜಿಯಾಗುತ್ತದೆ. ವಿಷ ಏರಿರದಿದ್ದರೆ ಅದನ್ನು ಕೊಡುವುದರಲ್ಲಿ ಅರ್ಥವಿಲ್ಲ. ಏರಿದ್ದರೆ 10 ವಯಲ್‌ವರೆಗೂ ಒಟ್ಟಿಗೇ ಶುರು, ಪಕ್ಕದಲ್ಲಿ ಅಡ್ರಿನಲಿನ್ ತಯಾರು. ಮಗುವಿಗೂ ದೊಡ್ಡವರಷ್ಟೇ ಡೋಸ್, ಯಾಕಂದ್ರೆ ಹಾವು ಮಗು ಅಂತ ವಿಷ ಕಡಿಮೆ ಬಿಟ್ಟಿರುವುದಿಲ್ಲ.

ಕಟ್ಟುಹಾವಿನದು ಬೇರೆ ಕಥೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಬೆಳಗ್ಗೆ ಎದ್ದು ಹೊಟ್ಟೆನೋವು ಅಂತ ಬರುತ್ತಾರೆ. ರೆಪ್ಪೆ ಇಳಿಬಿದ್ದಿರುತ್ತದೆ, ನಿದ್ದೆಗಣ್ಣು ಅಂತ ಮನೆಯವರು ತಿಳಿದಿರುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನವರು ಗುಡಿಸಲಿನಲ್ಲಿ ನೆಲದ ಮೇಲೇ ಮಲಗುತ್ತಾರೆ. ಅಂಥ ಕಡೆಯಿಂದ ಬೆಳಗಿನ ಹೊತ್ತು ಹೊಟ್ಟೆನೋವು ಅಂತ ಬಂದವರ ಕಣ್ಣುರೆಪ್ಪೆ ನೋಡದೆ ಗ್ಯಾಸಿನ ಗುಳಿಗೆ ಬರೆಯಬಾರದು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಈಗ ಪಿ.ಜಿ.ಗೆ ಇನ್ನೊಂದು ಫಾರಂ ತುಂಬುವ ಕೆಲಸ. ಆದರೂ ಅದು ಬೇಕಾದದ್ದೇ.

ಗ್ಯಾಸ್ ಅಂದೆನಲ್ಲ, ಅದು ಈ ವಿಭಾಗದ ದೊಡ್ಡ ಮೋಸಗಾರ. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಅಜ್ಜಿ "ಹೊಟ್ಟ್ಯಾಗ ಉರಿ, ಜೀವ ಹೆಂಗೋ ಆಗಾಕತ್ತೈತಿ" ಅಂತ ಬಂದರೆ ಅದು ಹೃದಯಾಘಾತ ಆಗಿರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಎಷ್ಟೋ ಸಲ ಎದೆನೋವೇ ಇರುವುದಿಲ್ಲ. ಹಾಗಾಗಿ ನಿಯಮ ಏನಂದರೆ ಅನುಮಾನ ಬಂದವರಿಗೆ 10 ನಿಮಿಷದೊಳಗೆ ಇ.ಸಿ.ಜಿ. ತೆಗೆದು ಡಾಕ್ಟರಿಗೆ ತೋರಿಸಬೇಕು. ಹೃದಯದ ಕೆಳಭಾಗದ ಆಘಾತ ಕಂಡರೆ ಅಷ್ಟಕ್ಕೇ ಬಿಡದೆ, ವಯರ್‌ಗಳನ್ನು ಎದೆಯ ಬಲಕ್ಕೆ ಬದಲಿಸಿ ಇನ್ನೊಂದು ತೆಗೆಯಬೇಕು. ಬಲಭಾಗಕ್ಕೂ ಪೆಟ್ಟಾಗಿದ್ದರೆ, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಗುಳಿಗೆ ಬಿ.ಪಿ.ಯನ್ನು ಪಾತಾಳಕ್ಕೆ ಇಳಿಸುತ್ತದೆ. ಕಟ್ಟಿಕೊಂಡ ರಕ್ತನಾಳವನ್ನು ತೆರೆಯಲು ಕ್ಯಾಥ್‌ಲ್ಯಾಬ್, ಅಂದರೆ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ ಇದ್ದರೆ 90 ನಿಮಿಷದ ಗಡುವು, ಹೆಪ್ಪು ಕರಗಿಸುವ ಇಂಜೆಕ್ಷನ್ ಆದರೆ 30 ನಿಮಿಷ. ಲಕ್ವಾದಲ್ಲಿ ಅಂಥ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಆ ಗಡಿಯಾರ ಶುರುವಾಗುವುದು ಪೇಷೆಂಟ್ ಕೊನೆಯ ಸಲ ಸರಿಯಾಗಿದ್ದಾಗಿನಿಂದ, ಮನೆಯವರು ನೋಡಿದಾಗಿನಿಂದಲ್ಲ. "ರಾತ್ರಿ ಊಟಕ್ಕೆ ಕೂತಾಗ ಚೊಲೋ ಇದ್ರಾ? ಎಷ್ಟ್ ಗಂಟೆಗೆ?" ಅಂತ ಪಿ.ಜಿ. ಹಟ ಹಿಡಿದು ಕೇಳುವುದು ಅದಕ್ಕೇ.

ಕೈ ಪಳಗುವುದು

ಓದಿನ ಜೊತೆ ಕೈಕೆಲಸ. ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು ಇದರಲ್ಲಿ ಮುಖ್ಯ. ಇದಕ್ಕೆಂದೇ ಪಿ.ಜಿ.ಗಳನ್ನು ಅರಿವಳಿಕೆ ವಿಭಾಗಕ್ಕೆ ಕಳಿಸುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಖಾಲಿ ಇರುವ, ಶಾಂತವಾಗಿ ಮಲಗಿದ ಪೇಷೆಂಟ್ ಮೇಲೆ ಕಲಿಯುತ್ತಾರೆ. ಎಮರ್ಜೆನ್ಸಿಯಲ್ಲಿ ಅದೇ ಕೆಲಸ ರಕ್ತ, ವಾಂತಿ, ಒದ್ದಾಟದ ಮಧ್ಯೆ. ಮೊದಲು ಆಕ್ಸಿಜನ್ ತುಂಬಿ, ಮಂಪರಿಗೆ ಕೆಟಮಿನ್ ಥರದ ಔಷಧಿ, ಕೂಡಲೇ ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಾರೆ. ಒಂದು ನಿಮಿಷದಲ್ಲಿ ಪೇಷೆಂಟ್ ತಾನಾಗಿ ಉಸಿರಾಡುವುದು ನಿಲ್ಲುತ್ತದೆ. ಆಮೇಲಿನ ಪ್ರತಿ ಉಸಿರಿಗೂ ಡಾಕ್ಟರೇ ಹೊಣೆ. ಟ್ಯೂಬ್ ಅನ್ನನಾಳಕ್ಕೆ ಹೋಗಿದೆಯೋ ಶ್ವಾಸನಾಳಕ್ಕೋ ಅಂತ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆದು ಖಾತ್ರಿ ಮಾಡಿಕೊಳ್ಳಬೇಕು. ಆಗಲಿಲ್ಲವೆಂದರೆ ಎರಡನೇ ಉಪಾಯ, ಮೂರನೇ ಉಪಾಯ ಏನು ಅಂತ ಔಷಧಿ ಕೊಡುವ ಮೊದಲೇ ಎಲ್ಲರೆದುರು ಜೋರಾಗಿ ಹೇಳಿರಬೇಕು. ಈ ಜೋರಾಗಿ ಹೇಳುವ ಪದ್ಧತಿ ನನಗೆ ಬಹಳ ಇಷ್ಟ. ಸೀನಿಯರ್ ಮರೆತದ್ದನ್ನು ಸಿಸ್ಟರ್ ನೆನಪಿಸಲು ಅದು ದಾರಿ ಮಾಡಿಕೊಡುತ್ತದೆ.

ಅಲ್ಟ್ರಾಸೌಂಡ್ ಇನ್ನೊಂದು. ಆಕ್ಸಿಡೆಂಟ್ ಕೇಸಿನಲ್ಲಿ ಹೊಟ್ಟೆ, ಹೃದಯದ ಸುತ್ತ, ಎದೆ ಅಂತ ಕೆಲವೇ ನಿಮಿಷದಲ್ಲಿ ಪ್ರೋಬ್ ಆಡಿಸಿ ಒಳಗೆ ರಕ್ತ ಸೋರುತ್ತಿದೆಯಾ ನೋಡುತ್ತಾರೆ. ಅದರ ಜೊತೆಗೆ ಮಕ್ಕಳ ವಿಭಾಗ, ಹೆರಿಗೆ, ಮೂಳೆ, ಐ.ಸಿ.ಯು. ಅಂತ ಸುತ್ತು ಹಾಕುವುದೂ ಇದೆ. ಹೋದಲ್ಲೆಲ್ಲ "ನೀವು ಎಮರ್ಜೆನ್ಸಿಯವ್ರಾ, ಅಲ್ಲೇ ನಿಂತ್ಕೊಳ್ರಿ" ಅನ್ನೋ ಸ್ವಾಗತವೂ ಇರುತ್ತದೆ.

ಡ್ಯೂಟಿ ಪಾಳಿಯ ಮೇಲೆ. ಬೇರೆ ವಿಭಾಗದ ಪಿ.ಜಿ.ಗಳ ಹಾಗೆ ಹಗಲು, ರಾತ್ರಿ, ಮತ್ತೆ ಹಗಲು ಅಂತ ಸೇರಿ ಬರುವುದು ಕಡಿಮೆ. ಆದರೆ ಪಾಳಿಯಲ್ಲಿ ಕೂರಲು ಬಿಡುವಿಲ್ಲ. ರೆಸಿಡೆಂಟ್‌ಗಳಿಗೆ ಒಂದೇ ಸಮನೆ 12 ಗಂಟೆಗಿಂತ, ವಾರಕ್ಕೆ 48 ಗಂಟೆಗಿಂತ ಹೆಚ್ಚು ಡ್ಯೂಟಿ ಹಾಕಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ನಿರ್ದೇಶನ ಕೊಟ್ಟಿತ್ತು. ಇದನ್ನು ಯಾವ ಪಿ.ಜಿ.ಗಾದರೂ ಹೇಳಿ ನೋಡಿ, ನಕ್ಕುಬಿಡುತ್ತಾರೆ. ಪಾಳಿ ಬದಲಾಗುವ ಹೊತ್ತಿನ ಹಸ್ತಾಂತರ ತುಂಬ ಸೂಕ್ಷ್ಮ. ಬೆಡ್‌ನಿಂದ ಬೆಡ್‌ಗೆ ಒಟ್ಟಿಗೇ ನಡೆದು, ಯಾರಿಗೆ ಯಾವ ಟೆಸ್ಟ್ ಬಾಕಿ, ಯಾರ ಕುತ್ತಿಗೆ ಬಲ ಎಷ್ಟು, ಯಾರ ರಕ್ತವನ್ನು ಆರು ತಾಸಿನ ನಂತರ ಮತ್ತೆ ನಳಿಗೆಗೆ ಹಾಕಬೇಕು ಅಂತ ಬಾಯಿಬಿಟ್ಟು ಹೇಳಬೇಕು. ರಾತ್ರಿ ಡ್ಯೂಟಿ ಮುಗಿಸಿದವರಿಗೆ ಮನೆ ಸೇರುವ ಅವಸರ. ಒಂದು ವಾಕ್ಯ ಬಿಟ್ಟುಹೋದರೆ ಅದರ ಬೆಲೆ ಕಟ್ಟುವುದು ಪೇಷೆಂಟ್.

ಬರೆಯುವ ಕೆಲಸವೂ ಕಮ್ಮಿ ಇಲ್ಲ. ಆಕ್ಸಿಡೆಂಟ್, ವಿಷ, ಸುಟ್ಟಗಾಯ, ಹೊಡೆದಾಟ ಎಲ್ಲವೂ ಎಂ.ಎಲ್.ಸಿ., ಅಂದರೆ ಪೊಲೀಸು, ಕೋರ್ಟಿಗೆ ಸಂಬಂಧಪಟ್ಟ ಮೆಡಿಕೋ ಲೀಗಲ್ ಕೇಸು. ಗಾಯದ ಅಳತೆ, ಜಾಗ, ಬಣ್ಣ ಬರೆದು ಪೊಲೀಸರಿಗೆ ತಿಳಿಸಬೇಕು. ವರ್ಷಗಳ ನಂತರ ಕೋರ್ಟಿನಲ್ಲಿ ನಿಂತು ಅದೇ ಅಕ್ಷರ ಓದಿ ಹೇಳಬೇಕಾಗುತ್ತದೆ. ಆದರೆ ಪೊಲೀಸರು ಬರುವವರೆಗೆ ಚಿಕಿತ್ಸೆ ತಡೆಯುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ. ಗಾಯಾಳುವನ್ನು ತಂದುಬಿಟ್ಟ ದಾರಿಹೋಕರಿಗೂ ರಕ್ಷಣೆ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಮು ಸೇರಿದೆ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಸರು ಹೇಳಲೇಬೇಕೆಂದಿಲ್ಲ. ಹೆದರಿ ಗಾಯಾಳುವನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ.

ಮಾತಾಡುವುದನ್ನು ಮಾತ್ರ ಯಾರೂ ಸರಿಯಾಗಿ ಕಲಿಸುವುದಿಲ್ಲ ಅನ್ನೋದು ನನ್ನ ತಕರಾರು. ಒಬ್ಬ ಪೇಷೆಂಟ್ ಹಿಂದೆ ಟೆಂಪೋದಲ್ಲಿ ಇಪ್ಪತ್ತು ಜನ ಬಂದಿರುತ್ತಾರೆ. ಅವರಲ್ಲಿ ನಿರ್ಧಾರ ತಗೊಳ್ಳುವವರು ಯಾರು? ಎಷ್ಟೋ ಸಲ ಅದು ಜೋರು ಮಾತಿನ ಮಾವ ಆಗಿರುವುದಿಲ್ಲ. ಹಿಂದೆ ಸೆರಗು ಹಿಡಿದು ನಿಂತ ದೊಡ್ಡಕ್ಕ ಆಗಿರುತ್ತಾಳೆ. ಅವಳನ್ನು ಗುರುತಿಸಿ ಪಕ್ಕಕ್ಕೆ ಕರೆದು, ಕೂರಿಸಿ ಹೇಳಬೇಕು. ಸಾವಿನ ಸುದ್ದಿಯನ್ನು ನಿಂತಲ್ಲೇ, ಕಾರಿಡಾರಿನಲ್ಲಿ, ಸುತ್ತಿಬಳಸಿ ಹೇಳಬಾರದು. "ತೀರಿಕೊಂಡ್ರು" ಅನ್ನೋ ಮಾತು ಬಾಯಿಂದ ಸ್ಪಷ್ಟವಾಗಿ ಬರಬೇಕು. "ನಮ್ಮ ಕೈಲಾದ್ದು ಮಾಡಿದ್ವಿ" ಅಂತಷ್ಟೇ ಹೇಳಿ ಹೋದರೆ ಮನೆಯವರು ಇನ್ನೂ ಆಸೆ ಇಟ್ಟುಕೊಂಡು ಕಾಯುತ್ತಾರೆ. ಡಾಕ್ಟರ ಮೇಲೆ ಕೈ ಮಾಡುವುದು ಅಪರಾಧ, ಅದಕ್ಕೆ ರಾಜ್ಯದಲ್ಲಿ 2009ರಿಂದ ಕಾಯ್ದೆಯೇ ಇದೆ. ಆದರೂ ಗಲಾಟೆ ಶುರುವಾಗುವುದು ಬಹಳ ಸಲ ಯಾರೂ ಏನೂ ಹೇಳದೆ ಬಿಟ್ಟ ಆ ಒಂದು ಗಂಟೆಯಲ್ಲಿ.

ಮೊದಲ ವರ್ಷದವರು ಹೇಳಿದ್ದು ಮಾಡುತ್ತಾರೆ. ಎರಡನೇ ವರ್ಷದವರು ಕೆಂಪು ಪಟ್ಟಿಯ ಪೇಷೆಂಟ್‌ಗಳನ್ನು ನೋಡುತ್ತಾರೆ. ಮೂರನೇ ವರ್ಷದವರು ಇಡೀ ಹಾಲ್ ನೋಡುತ್ತಾರೆ, ಯಾವ ಬೆಡ್ ಖಾಲಿ ಮಾಡಬೇಕು, ಯಾವ ಜೂನಿಯರ್ ಸುಸ್ತಾಗಿದ್ದಾನೆ ಅನ್ನೋದರವರೆಗೆ. ಎಲ್ಲಕ್ಕಿಂತ ತಡವಾಗಿ ಬರುವುದು ಮನೆಗೆ ಕಳಿಸುವ ವಿದ್ಯೆ. ಅಡ್ಮಿಟ್ ಮಾಡುವುದು ಸುಲಭ, ಜವಾಬ್ದಾರಿ ಬೇರೆಯವರಿಗೆ ಹೋಗುತ್ತದೆ. ಎದೆನೋವು ಅಂತ ಬಂದವರಿಗೆ ಇ.ಸಿ.ಜಿ. ಎರಡು ಸಲ, ರಕ್ತದ ಟೆಸ್ಟ್ ಎರಡು ಸಲ ನೋಡಿ, "ಇದು ಹೃದಯದ್ದಲ್ಲ, ಮನೆಗೆ ಹೋಗ್ರಿ, ಆದರೆ ಹಿಂಗಾದ್ರ ತಿರುಗಿ ಬರ್ರಿ" ಅಂತ ಬರೆದುಕೊಟ್ಟು ಸಹಿ ಹಾಕಲು ಗುಂಡಿಗೆ ಬೇಕು.

ಇದರ ಮಧ್ಯೆ ಒಂದು ಥೀಸಿಸ್ ಬರೆಯಬೇಕು, ಲಾಗ್‌ಬುಕ್ ತುಂಬಬೇಕು, ಕೊನೆಗೆ ಥಿಯರಿ, ಪ್ರಾಕ್ಟಿಕಲ್ ಪರೀಕ್ಷೆ. ಜಿಲ್ಲಾ ರೆಸಿಡೆನ್ಸಿ ಅಂತ ಮೂರು ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವುದೂ ಈಗ ಕಡ್ಡಾಯ. ನನ್ನ ಪ್ರಕಾರ ಇಡೀ ತರಬೇತಿಯಲ್ಲಿ ನಾವು ಅತಿ ಕಡಿಮೆ ಬಳಸಿಕೊಂಡಿರುವ ಭಾಗ ಇದೇ. 2023ರ ನಿಯಮದಲ್ಲಿ 50 ಹಾಸಿಗೆಗೆ ಕಡಿಮೆಯಿಲ್ಲದ ಸರ್ಕಾರಿ ಆಸ್ಪತ್ರೆಗೂ ಕಳಿಸಬಹುದು. ಅಂದರೆ ಅಥಣಿ, ಗೋಕಾಕ, ಜಮಖಂಡಿ, ಇಂಡಿಯಂಥ ತಾಲೂಕು ಊರುಗಳ ಆಸ್ಪತ್ರೆಗಳೂ ಇದಕ್ಕೆ ಒದಗುತ್ತವೆ. 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ. ತಾಲೂಕು ಆಸ್ಪತ್ರೆಯಲ್ಲೇ ಹೃದಯಾಘಾತದ ಇಂಜೆಕ್ಷನ್ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಬಂದಿದೆ. ಔಷಧಿ ತಲುಪಿದ ಜಾಗಕ್ಕೆ ಇ.ಸಿ.ಜಿ. ಓದುವ ಪಳಗಿದ ಕಣ್ಣೂ ತಲುಪಬೇಕಲ್ಲ? ಪಾಸಾದವರಲ್ಲಿ ಬಹಳ ಜನ ಬೆಂಗಳೂರು, ಹೈದರಾಬಾದಿನ ಕಾರ್ಪೊರೇಟ್ ಆಸ್ಪತ್ರೆ ಸೇರುತ್ತಾರೆ, ಕೆಲವರು ಇಂಗ್ಲೆಂಡಿನ ಪರೀಕ್ಷೆ ಬರೆಯುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ. ತಾಲೂಕು ಆಸ್ಪತ್ರೆಯಲ್ಲಿ ಅವರ ಓದಿಗೆ ತಕ್ಕ ಹುದ್ದೆಯೇ ಇಲ್ಲದಿದ್ದರೆ ಅವರು ಬರುವುದಾದರೂ ಎಲ್ಲಿಗೆ? ಮೊದಲು ಆ ಮೂರು ತಿಂಗಳನ್ನು ಆರು ಮಾಡಿ, ಪಕ್ಕದಲ್ಲಿ ಒಬ್ಬ ಸೀನಿಯರನ್ನು ಕೊಟ್ಟು ತಾಲೂಕಿಗೆ ಕಳಿಸಿ ನೋಡಬೇಕು. ಕೆಲಸ ಕಲಿಯಲು ಬೇಕಾದ ಕೇಸುಗಳೆಲ್ಲ ಅಲ್ಲಿಂದಲೇ ತಾನೇ ಬೆಳಗಾವಿಗೆ ಬರುತ್ತಿರುವುದು.